ಎರಡು ಬೆಂಕಿ: ನೆಲ್ಲಿನ ಜಿಗಿಹುಳ ಮತ್ತು ಬೆಂಕಿ ರೋಗದ ಹಳೆಯ ಕಥೆ

ಜವಳಗೇರಾ ಸುತ್ತಮುತ್ತ ಅಕ್ಟೋಬರ್, ನವೆಂಬರ್ ಬಂತೆಂದರೆ ‘ಹೊಲ ಸುಟ್ಟೈತಿ’ ಎಂಬ ಮಾತು ಚಹಾದ ಅಂಗಡಿಯಲ್ಲೂ ಗೊಬ್ಬರದ ಅಂಗಡಿಯಲ್ಲೂ ಕೇಳುತ್ತದೆ. ಸುಟ್ಟದ್ದು ಯಾವುದು ಎಂಬುದು ಆ ಮಾತಿನಲ್ಲಿ ಇರುವುದಿಲ್ಲ. ಒಬ್ಬ ರೈತನ ಹೊಲ ಸುಟ್ಟದ್ದು ಒಂದು ಹುಳದಿಂದ. ಪಕ್ಕದ ಕ್ಯಾಂಪಿನವರ ಹೊಲ ಸುಟ್ಟದ್ದು ಒಂದು ಬೂಷ್ಟಿನಿಂದ. ದೂರದಿಂದ ನೋಡಿದರೆ ಎರಡೂ ಒಣಗಿದ ಹುಲ್ಲಿನ ಬಣ್ಣವೇ.

ಹೆಸರುಗಳೂ ಗೊಂದಲವನ್ನು ಹೆಚ್ಚಿಸಿವೆ. ಬೂಷ್ಟಿನಿಂದ, ಅಂದರೆ ಶಿಲೀಂಧ್ರದಿಂದ ಬರುವ ರೋಗಕ್ಕೆ ಕನ್ನಡದಲ್ಲಿ ‘ಬೆಂಕಿ ರೋಗ’ ಎಂದು ಹೆಸರು. ನಮ್ಮ ಕ್ಯಾಂಪುಗಳ ತೆಲುಗು ರೈತರು ಅದನ್ನೇ ‘ಅಗ್ಗಿ ತೆಗುಲು’ ಅನ್ನುತ್ತಾರೆ, ಅರ್ಥ ಅದೇ. ಹುಳಕ್ಕೆ ನಾವು ‘ಕಂದು ಜಿಗಿಹುಳ’ ಅಂದರೆ ಅವರು ‘ದೋಮ’ ಅನ್ನುತ್ತಾರೆ. ಆ ಹುಳ ಮಾಡುವ ಹಾನಿಗೆ ವಿಜ್ಞಾನಿಗಳು ಕೊಟ್ಟ ಇಂಗ್ಲಿಷ್ ಹೆಸರು ‘ಹಾಪರ್ ಬರ್ನ್’, ಅಂದರೆ ಜಿಗಿಹುಳದ ಸುಡು. ಹೀಗಾಗಿ ರೋಗವೂ ಬೆಂಕಿ, ಹುಳವೂ ಬೆಂಕಿ. ಇದು ಬರೀ ಮಾತಿನ ಗೊಂದಲವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಹುಳಕ್ಕೆ ಬೂಷ್ಟಿನ ಔಷಧ, ಬೂಷ್ಟಿಗೆ ಹುಳದ ಎಣ್ಣೆ ಹೊಡೆದು ಸಾಲದ ದುಡ್ಡು ನೀರಿಗೆ ಹಾಕಿದವರು ನಮ್ಮಲ್ಲಿ ಬಹಳ. ಯಾವುದೆಂದು ಗೊತ್ತಾಗದೆ ಎರಡನ್ನೂ ಒಂದೇ ಪಂಪಿಗೆ ಸುರಿದವರು ಇನ್ನೂ ಬಹಳ.

ಈ ಎರಡೂ ನಮ್ಮೂರಿಗೆ ಯಾವಾಗ ಬಂದವು? ಅದಕ್ಕೆ ಕಾಲುವೆಗಿಂತ ಹಿಂದೆ ಹೋಗಬೇಕು.

ಕಾಲುವೆ ಬರುವ ಮೊದಲು ಈ ಎರಿ ಭೂಮಿಯಲ್ಲಿ ಜೋಳ, ಹತ್ತಿ, ಸಜ್ಜೆ ಇದ್ದವು. ನೆಲ್ಲು ಕೆರೆಯ ಹಿಂದೆ, ಹಳ್ಳದ ದಂಡೆಯಲ್ಲಿ ಅಲ್ಲಲ್ಲಿ ಮಾತ್ರ. ಆಗಿನ ರೈತನಿಗೂ ಒಂದು ಹುಳ, ಒಂದು ಬೂಷ್ಟು ಇದ್ದೇ ಇದ್ದವು. ಜೋಳದ ಬೂಷ್ಟು ‘ಕಾಡಿಗೆ ರೋಗ’. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬುತ್ತಿತ್ತು. ಅದು ಬೀಜಕ್ಕೆ ಅಂಟಿಕೊಂಡೇ ಮುಂದಿನ ವರ್ಷಕ್ಕೆ ದಾಟುತ್ತದೆ ಎಂಬುದು ಗೊತ್ತಾದ ಮೇಲೆ ಮದ್ದು ಸುಲಭವಾಯಿತು. ಬಿತ್ತುವ ಮುಂಚೆ ಬೀಜಕ್ಕೆ ಗಂಧಕದ ಪುಡಿ ಲೇಪಿಸಿದರೆ ಸಾಕು. ಹುಳ ಎಂದರೆ ದಖನ್ನಿನ ರೆಕ್ಕೆಯಿಲ್ಲದ ಮಿಡತೆ. ಜೋಳದ ಎಲೆ ತಿಂದು ದಂಟು ಮಾತ್ರ ಉಳಿಸುತ್ತಿತ್ತು.

ಈ ಮಿಡತೆಗೂ ಕರ್ನಾಟಕದ ಕೃಷಿ ಚರಿತ್ರೆಗೂ ಒಂದು ನಂಟಿದೆ. 1908ರಲ್ಲಿ ಮೈಸೂರು ಸಂಸ್ಥಾನ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ಯುವ ವಿಜ್ಞಾನಿಯನ್ನು ಕರೆಸಿಕೊಂಡಿತು. ಅವರಿಗೆ ಕೊಟ್ಟ ಹುದ್ದೆ ವಿಚಿತ್ರ. ಕೀಟತಜ್ಞರೂ ಅವರೇ, ಶಿಲೀಂಧ್ರತಜ್ಞರೂ ಅವರೇ. ಇಂದು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎರಡಕ್ಕೂ ಬೇರೆ ಬೇರೆ ವಿಭಾಗಗಳಿವೆ, ಆಗ ಒಬ್ಬರೇ ಮನುಷ್ಯ. ಮಲೆನಾಡಿನಲ್ಲಿ ಅಡಿಕೆ ಗೊನೆಗಳನ್ನು ಮಳೆಗಾಲದಲ್ಲಿ ಉದುರಿಸುತ್ತಿದ್ದ ಕೊಳೆರೋಗವನ್ನು ಅವರು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವುದನ್ನು ರೂಢಿಗೆ ತಂದರು. ನೂರು ವರ್ಷ ದಾಟಿದರೂ ಮಲೆನಾಡಿನವರು ಅದನ್ನೇ ಹೊಡೆಯುತ್ತಿದ್ದಾರೆ. (ಕೊಳೆರೋಗದ ಜೀವಿ ನಿಜವಾದ ಶಿಲೀಂಧ್ರವಲ್ಲ, ಬೇರೆ ಕುಲದ್ದು ಎಂದು ಈಗಿನ ವಿಜ್ಞಾನ ಹೇಳುತ್ತದೆ. ಆಗ ಎಲ್ಲರೂ ಶಿಲೀಂಧ್ರ ಎಂದೇ ತಿಳಿದಿದ್ದರು.) ಅದೇ ಕಾಲದಲ್ಲಿ ಕೋಲ್ಮನ್ ಮತ್ತು ಅವರ ಜೊತೆಗಿದ್ದ ಕುಂಞಿ ಕಣ್ಣನ್ ಜೋಳದ ಮಿಡತೆಯ ಬೆನ್ನು ಹತ್ತಿದರು. ಆ ಮಿಡತೆಯ ಶಾಸ್ತ್ರೀಯ ಹೆಸರಿನಲ್ಲಿ ಇವತ್ತಿಗೂ ಅವರ ಹೆಸರಿದೆ: ಕೋಲ್ಮೇನಿಯಾ.

ಅವರು ಕಂಡುಕೊಂಡದ್ದರಲ್ಲಿ ನಮಗೆ ಮುಖ್ಯವಾದದ್ದು ಇದು. ಆ ಮಿಡತೆಗೆ ಹಾರಲು ರೆಕ್ಕೆ ಇಲ್ಲ, ವರ್ಷಕ್ಕೆ ಒಂದೇ ಪೀಳಿಗೆ. ಮೊಟ್ಟೆ ಮಣ್ಣಿನಲ್ಲೇ ಇದ್ದು ಮುಂಗಾರಿಗೆ ಒಡೆಯುತ್ತದೆ. ಅಂದರೆ ನಿನ್ನ ಹೊಲದ ಮಿಡತೆ ನಿನ್ನ ಹೊಲದಲ್ಲೇ ಹುಟ್ಟಿದ್ದು. ಬೇಸಿಗೆಯಲ್ಲಿ ನೇಗಿಲು ಹೊಡೆದು ಮೊಟ್ಟೆಯನ್ನು ಬಿಸಿಲಿಗೆ, ಹಕ್ಕಿಗೆ ಒಡ್ಡಿದರೆ ಲೆಕ್ಕ ಮುಗಿಯಿತು. ನಮ್ಮ ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕೋಲ್ಮನ್ ನಮ್ಮ ಸರ್ಕಾರದ ನೌಕರರಾಗಿರಲಿಲ್ಲ. ಆದರೆ ಮಿಡತೆಗೆ ಗಡಿ ಎಲ್ಲಿ?

ನಂತರ ಎಲ್ಲವನ್ನೂ ಬದಲಿಸಿದ್ದು ತುಂಗಭದ್ರಾ. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆಯ ಲೆಕ್ಕ ಹಾಕಿದವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಅರೆ ನೀರಾವರಿ ಬೆಳೆಗಳು, ಅಂದರೆ ಹತ್ತಿ, ಜೋಳ, ಶೇಂಗಾ. ನೆಲ್ಲಿಗೆ ಇಟ್ಟದ್ದು ಸಣ್ಣ ಪಾಲು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪು ಹಾಕಿ, ಎರಿ ಭೂಮಿಯನ್ನು ಮಟ್ಟ ಮಾಡಿ ಮಡಿ ಕಟ್ಟಿದರು. ಅವರನ್ನು ನೋಡಿ ನಮ್ಮವರೂ ಕಟ್ಟಿದರು. ನೀರು ಸಿಕ್ಕಲ್ಲೆಲ್ಲ ನೆಲ್ಲು ನಿಂತಿತು, ಒಂದಲ್ಲ, ವರ್ಷಕ್ಕೆ ಎರಡು ಬೆಳೆ. ಸಿಂಧನೂರು ಭತ್ತದ ಕಣಜವಾಯಿತು, ಕೆಲವು ಕಡೆ ಭೂಮಿ ಸವಳು-ಜವಳಾಯಿತು. ನಮ್ಮೂರ ಹೆಸರಲ್ಲೇ ಜವಳು ಇದೆ ಎಂದು ನಾವು ತಮಾಷೆ ಮಾಡುವುದುಂಟು. ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಬೀಜ ಫಾರಂ ಬಂತು. ಅದು ಮೊದಲು ಸ್ಟೇಟ್ ಫಾರ್ಮ್ಸ್ ಕಾರ್ಪೊರೇಶನ್ ಕೈಯಲ್ಲಿತ್ತು, 2014ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಬೀಜ ನಿಗಮದಲ್ಲಿ ಸೇರಿತು. ಬಾಪಟ್ಲದಲ್ಲಿ ತಯಾರಾಗಿ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204 ತಳಿ ನಮ್ಮ ಕಡೆ ಹೊಲ ಹಿಡಿದದ್ದು ಹಿಡಿದದ್ದೇ. ಸಣ್ಣ ಅಕ್ಕಿ, ಒಳ್ಳೆಯ ರುಚಿ, ಒಳ್ಳೆಯ ರೇಟು. ಜಿಗಿಹುಳಕ್ಕೂ ಬೆಂಕಿ ರೋಗಕ್ಕೂ ಅದು ಮೆತ್ತಗಿನ ತುತ್ತು.

ಸಾವಿರಾರು ಎಕರೆ, ಒಂದೇ ಬೆಳೆ, ಹೆಚ್ಚುಕಡಿಮೆ ಒಂದೇ ತಳಿ, ನಿಂತ ನೀರು. ಹುಳವನ್ನೂ ಬೂಷ್ಟನ್ನೂ ನಾವೇ ಚಪ್ಪರ ಹಾಕಿ ಕರೆದಂತಾಯಿತು.

ಇಬ್ಬರಲ್ಲಿ ಬೆಂಕಿ ರೋಗ ಹಿರಿಯ. ಚೀನಾದಲ್ಲಿ 1637ರ ಒಂದು ಗ್ರಂಥದಲ್ಲಿ ‘ನೆಲ್ಲಿನ ಜ್ವರ’ ಎಂದು ಅದರ ವಿವರಣೆ ಬರುತ್ತದೆ. ಇಟಲಿಯವರೂ ಅದಕ್ಕೆ ಸುಟ್ಟದ್ದು ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ, ‘ಬ್ರುಸೋನೆ’. ಎಲ್ಲಿಯೋ ಇರುವ ಇಟಲಿಯ ರೈತನಿಗೂ ನಮ್ಮ ರೈತನಿಗೂ ಒಂದೇ ಹೋಲಿಕೆ ಹೊಳೆದಿದೆ ನೋಡಿ. ಭಾರತದಲ್ಲಿ ಅದು ಮೊದಲು ದಾಖಲಾದದ್ದು 1913ರಲ್ಲಿ, ತಂಜಾವೂರಿನ ಕಾವೇರಿ ಬಯಲಲ್ಲಿ. 1919ರಲ್ಲಿ ಅಲ್ಲೇ ದೊಡ್ಡ ಹಾವಳಿ ಮಾಡಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಅಚ್ಚುಮೆಚ್ಚಿನ ಜಾಗ ಕೊಡಗಿನ ಪೊನ್ನಂಪೇಟೆ. ಅಲ್ಲಿಯ ತಂಪು ಮತ್ತು ಇಬ್ಬನಿಯಲ್ಲಿ ಅದು ಎಷ್ಟು ಚೆನ್ನಾಗಿ ಬರುತ್ತದೆ ಎಂದರೆ ಹೊಸ ತಳಿ ಈ ರೋಗ ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡಲು ವಿಜ್ಞಾನಿಗಳು ಅಲ್ಲಿ ನೆಡುತ್ತಾರೆ. ದಕ್ಷಿಣದವರ ರಾಗಿಯ ಬೆಂಕಿ ರೋಗವೂ ಇದೇ ಕುಲದ ಬೂಷ್ಟು. 2016ರಲ್ಲಿ ಬಾಂಗ್ಲಾದೇಶದಲ್ಲಿ ಗೋಧಿಯನ್ನು ಸುಟ್ಟದ್ದೂ ಇದರ ಬಳಗವೇ.

ಬಾಂಗ್ಲಾ ಎಂದಾಗ ಒಂದು ಮಾತು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ ಬಂಗಾಳಿ ಕುಟುಂಬಗಳ ಹಿರಿಯರು ಬಂದ ಸೀಮೆಯಲ್ಲಿ 1943ರಲ್ಲಿ ಲಕ್ಷ ಲಕ್ಷ ಜನ ಹಸಿವಿನಿಂದ ಸತ್ತರು. ಅದರ ಹಿಂದಿನ ವರ್ಷ ಬಂಗಾಳದ ನೆಲ್ಲಿಗೆ ಇನ್ನೊಂದು ಬೂಷ್ಟು, ಕಂದು ಚುಕ್ಕೆ ರೋಗ, ಬಿದ್ದಿತ್ತು. ಬರಗಾಲಕ್ಕೆ ಆ ರೋಗವೇ ಮುಖ್ಯ ಕಾರಣ ಎಂದು ಕಟಕ್‌ನ ಭತ್ತ ಸಂಶೋಧನಾ ಕೇಂದ್ರದ ಎಸ್.ವೈ. ಪದ್ಮನಾಭನ್ 1973ರಲ್ಲಿ ಬರೆದರು. ಅಕ್ಕಿ ಇತ್ತು, ಬಡವರಿಗೆ ಕೊಳ್ಳುವ ಶಕ್ತಿ ಇರಲಿಲ್ಲ, ಯುದ್ಧಕಾಲದ ಸರ್ಕಾರ ಕೈಬಿಟ್ಟಿತು ಎಂದು ಅಮರ್ತ್ಯ ಸೇನ್ 1981ರಲ್ಲಿ ವಾದಿಸಿದರು. ನಮಗೆ ಸೇನ್ ಅವರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಬೂಷ್ಟು ಬೆಳೆಯನ್ನು ಕೊಲ್ಲಬಹುದು, ರೇಷನ್ ಕೊಡದೆ ಜನರನ್ನು ಕೊಲ್ಲುವುದು ಬೂಷ್ಟಿನ ಕೆಲಸವಲ್ಲ.

ಜಿಗಿಹುಳದ ಹಳೆಯ ಕಥೆ ಇರುವುದು ಜಪಾನಿನಲ್ಲಿ. 1732ರಲ್ಲಿ ಅಲ್ಲಿಯ ಪಶ್ಚಿಮ ಭಾಗದಲ್ಲಿ ಜಿಗಿಹುಳಗಳು ನೆಲ್ಲನ್ನು ತಿಂದು ದೊಡ್ಡ ಬರಗಾಲವೇ ಬಂತು. ಅಲ್ಲಿಯ ರೈತರು ಕಂಡುಕೊಂಡ ಮದ್ದು ಕೇಳಿ. ನಿಂತ ನೀರಿನ ಮೇಲೆ ತಿಮಿಂಗಿಲದ ಎಣ್ಣೆ ಹನಿಸುವುದು, ಗಿಡ ಅಲ್ಲಾಡಿಸಿ ಹುಳವನ್ನು ಆ ಎಣ್ಣೆ ನೀರಿಗೆ ಬೀಳಿಸುವುದು. ಕೀಟನಾಶಕಕ್ಕೆ ನಮ್ಮವರು ‘ಎಣ್ಣೆ’ ಅನ್ನುವಾಗ ನಮಗೆ ಇದು ನೆನಪಾಗುತ್ತದೆ. ಜಪಾನಿನ ಚಳಿಗಾಲದಲ್ಲಿ ಈ ಹುಳ ಬದುಕುವುದಿಲ್ಲ, ಹಾಗಾದರೆ ಪ್ರತಿ ವರ್ಷ ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 1967ರಲ್ಲಿ ದಡದಿಂದ ನೂರಾರು ಕಿಲೋಮೀಟರ್ ದೂರ ಸಮುದ್ರದ ನಡುವೆ ನಿಂತಿದ್ದ ಹವಾಮಾನ ಹಡಗಿನ ಮೇಲೆ ಜಿಗಿಹುಳಗಳು ಹಿಂಡು ಹಿಂಡಾಗಿ ಬಂದು ಬಿದ್ದವು. ಗಾಳಿಯ ಮೇಲೆ ಚೀನಾ ಕಡೆಯಿಂದ ಬರುತ್ತಿದ್ದವು. ಕೋಲ್ಮನ್‌ರ ಮಿಡತೆಗೂ ಇದಕ್ಕೂ ಎಷ್ಟು ಅಂತರ! ಅದು ಹುಟ್ಟಿದ ಹೊಲ ಬಿಡುತ್ತಿರಲಿಲ್ಲ, ಇದು ಸಮುದ್ರ ದಾಟುತ್ತದೆ.

ಭಾರತದಲ್ಲಿ 1970ರ ದಶಕದ ತನಕ ಜಿಗಿಹುಳವನ್ನು ಯಾರೂ ದೊಡ್ಡ ಶತ್ರು ಎಂದು ಲೆಕ್ಕಕ್ಕೆ ಇಟ್ಟಿರಲಿಲ್ಲ. ಹೊಲದಲ್ಲಿ ಇತ್ತು, ಜೇಡ ತಿನ್ನುತ್ತಿತ್ತು, ಮುಗಿಯಿತು. 1973-74ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಅದು ಹೊಲಕ್ಕೆ ಹೊಲವನ್ನೇ ಸುಟ್ಟಾಗ ಎಲ್ಲರೂ ಎಚ್ಚೆತ್ತರು. ಅದೇ ಹೊತ್ತಿಗೆ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲೂ ಹಾಗೇ ಆಯಿತು. ಹಸಿರು ಕ್ರಾಂತಿಯ ಗಿಡ್ಡ ತಳಿಗಳು, ಒತ್ತಾದ ನಾಟಿ, ಯೂರಿಯಾ, ಬಿಡುವಿಲ್ಲದ ಬೆಳೆ ಇವೆಲ್ಲ ಒಟ್ಟಿಗೆ ಬಂದಿದ್ದವು. ಅವುಗಳ ಜೊತೆ ಬಂದ ಇನ್ನೊಂದು ಕಾರಣ ಕೀಟನಾಶಕವೇ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಇದನ್ನು ಈಗಲೂ ನಂಬದವರಿದ್ದಾರೆ. ಜಿಗಿಹುಳ ಮೊಟ್ಟೆ ಇಡುವುದು ಎಲೆಯ ಮೇಲಲ್ಲ, ದಂಟನ್ನು ಸುತ್ತಿದ ಎಲೆಯ ತೊಗಟೆಯೊಳಗೆ. ಮೇಲಿಂದ ಹೊಡೆದ ಎಣ್ಣೆ ಮೊಟ್ಟೆಗೆ ತಾಗುವುದಿಲ್ಲ. ಸಾಯುವುದು ಹೊರಗೆ ಓಡಾಡುವ ಜೇಡ ಮತ್ತು ಜಿಗಿಹುಳದ ಮೊಟ್ಟೆ ಹೀರುವ ಸಣ್ಣ ಹಸಿರು ತಿಗಣೆ. ಕೆಲವೇ ದಿನದಲ್ಲಿ ಮೊಟ್ಟೆ ಒಡೆದು ಮರಿ ಹೊರಬಂದಾಗ ತಿನ್ನುವವರೇ ಇಲ್ಲ. ಒಂದು ಹೆಣ್ಣು ಇನ್ನೂರು-ಮುನ್ನೂರು ಮೊಟ್ಟೆ ಇಡಬಲ್ಲದು, ಮೊಟ್ಟೆಯಿಂದ ಮೊಟ್ಟೆಗೆ ಒಂದು ತಿಂಗಳೂ ಬೇಡ. ‘ಹೊಡೆದ ಮ್ಯಾಲೆ ಜಾಸ್ತಿ ಆತು’ ಎಂದು ರೈತ ಹೇಳಿದರೆ ಅಂಗಡಿಯವರು ಇನ್ನೂ ಜೋರಿನದ್ದು ಕೊಡುತ್ತಾರೆ. ರೈತ ಹೇಳಿದ್ದು ನಿಜವೇ ಇತ್ತು. ಪೀಟರ್ ಕೆನ್ಮೋರ್ ಎಂಬ ವಿಜ್ಞಾನಿ ಫಿಲಿಪ್ಪೀನ್ಸ್‌ನ ಹೊಲಗಳಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ನೆಲ್ಲಿಗೆ 57 ಕೀಟನಾಶಕಗಳ ಬಳಕೆಯನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಇಳುವರಿ ಕುಸಿಯಲಿಲ್ಲ.

ಬೆಂಕಿ ರೋಗಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಬೂಷ್ಟನ್ನು ತಿಂದು ಮುಗಿಸುವ ಜೇಡ ಇಲ್ಲ. ಹುಳ ಮತ್ತು ಬೂಷ್ಟು ಬೇರೆಯಾಗುವ ಮುಖ್ಯ ಜಾಗ ಇದು.

ಗಿಡದೊಳಗೆ ಹೋಗುವ ದಾರಿಯೂ ಬೇರೆ. ಜಿಗಿಹುಳ ಬುಡದಲ್ಲಿ, ನೀರಿನಿಂದ ಸ್ವಲ್ಪ ಮೇಲೆ ಕೂತು ಸೂಜಿಯಂಥ ಮೂತಿಯನ್ನು ಚುಚ್ಚಿ ರಸ ಹೀರುತ್ತದೆ. ಹೀರಿದ್ದರಲ್ಲಿ ಬೇಡವಾದ ಸಿಹಿಯನ್ನು ಹಿಂದಿನಿಂದ ಸುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅದನ್ನು ನೋಡಿ ‘ರೋಗ’ ಎಂದುಕೊಳ್ಳುವುದು ಸಾಮಾನ್ಯ, ಆದರೆ ಆ ಬೂಷ್ಟು ಬರೀ ಬಾಡಿಗೆದಾರ. ಹುಳ ಹೆಚ್ಚಾಗಿ ಗಿಡ ಒಣಗತೊಡಗಿದಾಗ ಹೊಸ ಪೀಳಿಗೆಗೆ ಉದ್ದ ರೆಕ್ಕೆ ಬರುತ್ತದೆ, ಅವು ಹಾರಿ ಮುಂದಿನ ಹೊಲಕ್ಕೆ ಹೋಗುತ್ತವೆ. ಊಟ ಚೆನ್ನಾಗಿದ್ದಾಗ ಗಿಡ್ಡ ರೆಕ್ಕೆಯವು ಹೆಚ್ಚು, ಅವು ಅಲ್ಲೇ ಕೂತು ಮೊಟ್ಟೆ ಇಡುತ್ತವೆ.

ಬೂಷ್ಟಿಗೆ ಮೂತಿಯೂ ಇಲ್ಲ, ಹಲ್ಲೂ ಇಲ್ಲ. ಗಾಳಿಯಲ್ಲಿ ಬಂದ ಕಣ್ಣಿಗೆ ಕಾಣದ ಬೀಜಕಣ ಇಬ್ಬನಿ ಬಿದ್ದ ಎಲೆಗೆ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಒಂದು ಗುಂಡಗಿನ ಗುಳ್ಳೆ ಮಾಡಿ ಅದಕ್ಕೆ ಕಪ್ಪು ಬಣ್ಣದ ಗಟ್ಟಿ ಲೇಪ ಹಚ್ಚಿಕೊಳ್ಳುತ್ತದೆ. ಆ ಗುಳ್ಳೆಯೊಳಗೆ ನೀರಿನ ಒತ್ತಡ ಏರುತ್ತ ಕಾರಿನ ಟೈರಿನ ಗಾಳಿಗಿಂತ ಮೂವತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಆ ಒತ್ತಡದಿಂದಲೇ ಎಲೆಯ ಚರ್ಮ ತೂತು ಮಾಡಿ ಒಳಗೆ ನುಗ್ಗುತ್ತದೆ. ನಾವೆಲ್ಲ ಹೊಡೆಯುವ ಟ್ರೈಸೈಕ್ಲಜೋಲ್ ಮಾಡುವುದು ಆ ಕಪ್ಪು ಲೇಪ ಕಟ್ಟದಂತೆ ತಡೆಯುವುದು. ಲೇಪ ಇಲ್ಲದಿದ್ದರೆ ಒತ್ತಡ ನಿಲ್ಲುವುದಿಲ್ಲ. ಹಾಗಾಗಿ ಅದು ಬೂಷ್ಟು ಎಲೆಯೊಳಗೆ ಹೋಗುವ ಮೊದಲು ಕೆಲಸ ಮಾಡುವ ಔಷಧ. ತೆನೆಯ ಕುತ್ತಿಗೆ ಕಪ್ಪಾಗಿ ಜೊಳ್ಳಾದ ಮೇಲೆ ಅದನ್ನು ಹೊಡೆದರೆ ಔಷಧದ ತಪ್ಪಲ್ಲ.

ವಿಚಿತ್ರವೆಂದರೆ ಇಷ್ಟು ಬೇರೆಯಾದ ಎರಡು ಜೀವಿಗಳ ಮೈಯಲ್ಲಿ ಒಂದೇ ವಸ್ತು ಇದೆ. ಹುಳದ ಹೊರ ಚಿಪ್ಪಿನಲ್ಲೂ ಬೂಷ್ಟಿನ ಜೀವಕೋಶದ ಗೋಡೆಯಲ್ಲೂ ಕೈಟಿನ್ ಇದೆ. ಜಿಗಿಹುಳದ ಮರಿ ಪೊರೆ ಕಳಚಿ ಹೊಸ ಚಿಪ್ಪು ಕಟ್ಟದಂತೆ ಮಾಡುವ ಬುಪ್ರೊಫೆಜಿನ್ ಔಷಧ ಕೈಟಿನ್ ತಯಾರಿಕೆಗೇ ಕೈ ಹಾಕುತ್ತದೆ. ಹಾಗಂತ ಅದು ಬೆಂಕಿ ರೋಗದ ಮೇಲೂ ನಡೆಯುತ್ತದೆ ಎಂದುಕೊಳ್ಳಬೇಡಿ, ನಡೆಯುವುದಿಲ್ಲ. ದೊಡ್ಡ ಜಿಗಿಹುಳವನ್ನೂ ಅದು ಕೂಡಲೇ ಕೊಲ್ಲುವುದಿಲ್ಲ, ಮರಿಗೆ ಮಾತ್ರ ಅದರ ಏಟು.

ಇಬ್ಬರೂ ಒಪ್ಪುವ ಒಂದು ವಿಷಯ ಯೂರಿಯಾ. ಚೀಲ ಹೆಚ್ಚಾದಷ್ಟು ಎಲೆ ಕಡು ಹಸಿರು, ಮೆತ್ತಗೆ. ರಸದಲ್ಲಿ ಸಾರ ಹೆಚ್ಚಿದರೆ ಜಿಗಿಹುಳ ಹೆಚ್ಚು ಮೊಟ್ಟೆ ಇಡುತ್ತದೆ. ಎಲೆಯ ಚರ್ಮ ಮೆತ್ತಗಾದರೆ ಬೂಷ್ಟಿಗೆ ತೂತು ಸುಲಭ. ನೆಲ್ಲು ಒತ್ತಾಗಿ ಬೆಳೆದಾಗ ಬುಡಕ್ಕೆ ಗಾಳಿ ಬೆಳಕು ಇಲ್ಲ, ಎಲೆಯ ಇಬ್ಬನಿ ಹತ್ತು ಗಂಟೆಯಾದರೂ ಆರುವುದಿಲ್ಲ. ಎರಡು ಚೀಲ ಹೆಚ್ಚು ಹಾಕಿ ‘ಬೆಳಿ ಭಾಳ ಛಲೋ ಐತಿ’ ಎಂದು ಒಡ್ಡಿನ ಮೇಲೆ ನಿಂತು ಫೋಟೋ ತೆಗೆಯುವ ಹೊಲದಲ್ಲೇ ಹದಿನೈದು ದಿನದ ಮೇಲೆ ಸುಡು ಕಾಣುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ತಳಿಯ ವಿಷಯದಲ್ಲೂ ಇಬ್ಬರದೂ ಒಂದೇ ಚಾಳಿ. ಜಿಗಿಹುಳ ತಡೆಯುವ ಐಆರ್ 26 ತಳಿಯನ್ನು 1973ರಲ್ಲಿ ಬಿಟ್ಟರು. ಎರಡು-ಮೂರು ವರ್ಷದಲ್ಲಿ ಅದನ್ನೂ ತಿನ್ನುವ ಜಿಗಿಹುಳದ ಸಂತತಿ ತಯಾರಾಯಿತು. ಬೆಂಕಿ ರೋಗದ ಬೂಷ್ಟೂ ಹಾಗೆಯೇ ವೇಷ ಬದಲಿಸುತ್ತದೆ. ಇನ್ನೊಂದು ಮಾತು, ಬೆಂಕಿ ರೋಗ ತಡೆಯುವ ತಳಿ ಎಂದರೆ ಜಿಗಿಹುಳವನ್ನೂ ತಡೆಯುತ್ತದೆ ಎಂದಲ್ಲ. ನಮ್ಮ ಕಡೆ ಹಬ್ಬಿರುವ ಆರ್‌ಎನ್‌ಆರ್ 15048 ತಳಿಯನ್ನು ‘ರೋಗ ಬರಲ್ಲ’ ಎಂದು ಮಾರುತ್ತಾರೆ. ಬೆಂಕಿ ರೋಗವನ್ನು ತಾಳಿಕೊಳ್ಳುವ ಗುಣ ಅದಕ್ಕೆ ಇದೆ, ನಿಜ. ಆದರೆ ಹುಳಕ್ಕೂ ಅದೇ ಭರವಸೆ ಕೊಟ್ಟು ಮಾರಿದರೆ ನಂಬಬೇಡಿ.

ಹಾಗಾದರೆ ಸುಟ್ಟದ್ದು ಯಾವುದು ಎಂದು ತಿಳಿಯುವುದು ಹೇಗೆ? ಒಡ್ಡಿನ ಮೇಲಿಂದ ಆಗುವುದಿಲ್ಲ, ಒಳಗೆ ಇಳಿಯಬೇಕು. ಜಿಗಿಹುಳದ ಸುಡು ಹೊಲದ ನಡುವೆ ಗುಂಡಗೆ ಶುರುವಾಗಿ ಅಗಲವಾಗುತ್ತದೆ, ಗಿಡ ಬುಡದಿಂದ ಒಣಗಿ ಬೀಳುತ್ತದೆ. ಬುಡವನ್ನು ಅಂಗೈಯಿಂದ ತಟ್ಟಿ ನೀರು ನೋಡಿ. ಕಂದು ಹುಳಗಳು ನೀರಿನ ಮೇಲೆ ಓಡಾಡಿದರೆ ಅದೇ. ಬೆಂಕಿ ರೋಗ ಎಲೆಯಲ್ಲಿ ಕಣ್ಣಿನ ಆಕಾರದ ಚುಕ್ಕೆಯಾಗಿ ಕಾಣುತ್ತದೆ, ನಡುವೆ ಬೂದಿ ಬಣ್ಣ, ಅಂಚು ಕಂದು. ತೆನೆ ಬಂದ ಮೇಲೆ ಕುತ್ತಿಗೆ ಕಪ್ಪಾಗಿ ಅಲ್ಲೇ ಮುರಿದು ಜೋತು ಬೀಳುತ್ತದೆ. ತೆನೆ ಬೆಳ್ಳಗಾಗಿದ್ದು, ಎಳೆದರೆ ಸುಲಭಕ್ಕೆ ಕಿತ್ತು ಬಂದರೆ ಇವೆರಡೂ ಅಲ್ಲ, ಅದು ಕಾಂಡಕೊರಕ. ಎಲೆ ತುದಿಯಿಂದ ಅಂಚಿನುದ್ದಕ್ಕೂ ಅಲೆಯಂತೆ ಒಣಗುತ್ತ ಬಂದರೆ ಅದು ಬ್ಯಾಕ್ಟೀರಿಯಾದ ರೋಗ, ಅದಕ್ಕೆ ಈ ಎರಡು ಔಷಧಗಳಲ್ಲಿ ಯಾವುದೂ ನಾಟುವುದಿಲ್ಲ.

ಹುಳ ಎಂದು ಖಾತ್ರಿಯಾದರೆ ಮೊದಲು ನೀರು ಬಸಿದು ಮೂರ್ನಾಲ್ಕು ದಿನ ಹೊಲ ಆರಲು ಬಿಡಬೇಕು. ಹೊಡೆಯಲೇಬೇಕಾದರೆ ಗಿಡ ಸರಿಸಿ ಬುಡಕ್ಕೆ ಹೊಡೆಯಬೇಕು. ನಾಟಿ ಮಾಡುವಾಗಲೇ ಎರಡು-ಮೂರು ಮೀಟರಿಗೊಂದು ಅಡಿ ಅಗಲದ ಕಾಲುದಾರಿ ಬಿಟ್ಟವರಿಗೆ ಆ ಕೆಲಸ ಸುಲಭ. ಆಂಧ್ರದ ರೈತರು ಅದನ್ನು ಬಿಡುತ್ತಾರೆ. ಅದನ್ನು ನೋಡಿ ‘ಇಷ್ಟ್ ಜಾಗ ದಂಡ’ ಎಂದು ನಮ್ಮವರು ಅನ್ನುವುದನ್ನೂ ಕೇಳಿದ್ದೇವೆ. ಬೆಂಕಿ ರೋಗವಾದರೆ ನೀರು ಬಸಿಯುವುದು ಕೆಲಸಕ್ಕೆ ಬಾರದು. ಹೊಲ ಒಣಗಿಸಿದರೆ ಅದು ಇನ್ನೂ ಏರುತ್ತದೆ. ನೋಡಿ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಊಟ.

ಕಾಲುವೆಯ ಕೊನೆ ಭಾಗದ ಹಳ್ಳಿಗಳ ಪಾಡು ಬೇರೆ. ಮೇಲಿನವರು ಜುಲೈ, ಆಗಸ್ಟಿನಲ್ಲಿ ನಾಟಿ ಮುಗಿಸುತ್ತಾರೆ. ಕೊನೆಗೆ ನೀರು ಮುಟ್ಟುವ ಹೊತ್ತಿಗೆ ತಿಂಗಳೇ ತಡ. ಮೇಲಿನ ಹೊಲಗಳು ಒಣಗಿ ಕೊಯ್ಲಿಗೆ ಬಂದಾಗ ಉದ್ದ ರೆಕ್ಕೆಯ ಜಿಗಿಹುಳಗಳಿಗೆ ಉಳಿದ ಹಸಿರು ಕೆಳಗಿನವರದ್ದೇ. ಆ ತಡದ ಬೆಳೆ ತೆನೆ ಬಿಡುವಾಗ ರಾತ್ರಿ ತಂಪಾಗಿ ಇಬ್ಬನಿ ಬೀಳಲು ಶುರುವಾಗಿರುತ್ತದೆ, ಕುತ್ತಿಗೆ ಬೆಂಕಿ ರೋಗಕ್ಕೆ ಅದೇ ಬೇಕು. ಮೇಲೆ ಕೊಯ್ಲು ಯಂತ್ರಗಳು ಓಡಾಡುವ ದಿನಗಳಲ್ಲಿ ಕೆಳಗೆ ತೆನೆಯಲ್ಲಿ ಇನ್ನೂ ಹಾಲು ತುಂಬುತ್ತಿರುತ್ತದೆ. ಬುಡದಲ್ಲಿ ಒಂದು ಬೆಂಕಿ, ಕುತ್ತಿಗೆಯಲ್ಲಿ ಒಂದು ಬೆಂಕಿ, ಕಾಲುವೆಯಲ್ಲಿ ಮಾತ್ರ ನೀರು ಇಳಿಯುತ್ತಿರುತ್ತದೆ.